ಮೇದಪ್ಪಣ್ಣನ ತೋರುಬೆರಳು

ಮೇದಪ್ಪಣ್ಣನ ಬಲಗೈಯ ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಕಾಫಿ ಲೋಟದ ಅಂಚಿನ ಮೇಲೆ, ರಿಜಿಸ್ಟರಿನ ರಟ್ಟಿನ ಮೇಲೆ, ಬಸ್ಸಿನ ಸೀಟಿನ ಕಂಬಿಯ ಮೇಲೆ, ಏನೂ ಸಿಗದಿದ್ದರೆ ಅವರದೇ ಮೊಣಕಾಲಿನ ಮೇಲೆ ಅದು ತಟ್ಟುತ್ತಲೇ ಇರುತ್ತಿತ್ತು. ಹಾಡಿನ ತಾಳವಲ್ಲ. ಹಾಡು ಅವರಿಗೆ ಬರುತ್ತಿರಲಿಲ್ಲ. "ಯಾರದ್ದಣ್ಣ ಅದು?" ಎಂದು ಕೇಳಿದರೆ ಬೆರಳು ನಿಲ್ಲಿಸದೆ, "ಒಂಬತ್ತನೇ ಬೆಡ್ಡಿನವರದ್ದು. ನೋಡು, ಈಗ ಒಂದು ತಪ್ಪಿಸ್ತಾರೆ" ಎನ್ನುತ್ತಿದ್ದರು. ಬೆರಳು ಒಂದು ಪೆಟ್ಟು ಬಿಟ್ಟು ಮುಂದಿನದಕ್ಕೆ ಬೀಳುತ್ತಿತ್ತು. ನಾನು ತಿರುಗಿ ಸ್ಕ್ರೀನ್ ನೋಡಿದರೆ ಅಲ್ಲಿಯೂ ಒಂದು ಎದೆಬಡಿತ ಬಿಟ್ಟುಹೋಗಿರುತ್ತಿತ್ತು.

ಇಷ್ಟು ಬರೆದು ಅನುಮಾನಿಸುತ್ತಿದ್ದೇನೆ. ಪ್ರತಿ ಸಲವೂ ಹಾಗೆ ಸರಿಹೊಂದುತ್ತಿತ್ತೇ? ಒಂದೆರಡು ಸಲ ಹೊಂದಿರಬೇಕು, ಉಳಿದದ್ದನ್ನು ನನ್ನ ನೆನಪು ತುಂಬಿಸಿಕೊಂಡಿರಬೇಕು. ಸುಮ್ಮನಿದ್ದದ್ದನ್ನು ನೋಡಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಒಮ್ಮೆ ನೋಡಿದ್ದೇನೆ. ಅದನ್ನು ಹೇಳುವುದಕ್ಕಾಗಿಯೇ ಕೂತಿದ್ದೇನೆ ಅನ್ನಿಸುತ್ತದೆ. ಮೇದಪ್ಪಣ್ಣ ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಫೋನಿನ ಮೆಸೇಜ್ ಓದಿ, ಫೋನ್ ಮಗುಚಿಟ್ಟು, ಮತ್ತೆ ಸ್ಕ್ರೀನ್ ನೋಡಿದೆ. ಆ ಪಾಳಿ ಮುಗಿಯುವವರೆಗೆ ನನಗೆ ಏನೂ ಆಗಲಿಲ್ಲ. ಆಮೇಲೂ ಆಗಲಿಲ್ಲ.

ನಾನು ಹಾರಂಗಿಯ ಕಡೆಯವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ಕಾಲೇಜಿಂದ ಕಾಲೇಜಿಗೆ ಅಲೆದು, ಕೊನೆಗೆ ಮಡಿಕೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾನಿಟರ್ ಟೆಕ್ನಿಶಿಯನ್ ಕೆಲಸಕ್ಕೆ ತರಬೇತಿಗೆ ಸೇರಿದೆ. ಮನೆಯಲ್ಲಿ ನನ್ನ ತಮ್ಮ ಅದನ್ನು ಟೀವಿ ನೋಡುವ ಕೆಲಸ ಎಂದು ಕರೆದ. ತೀರಾ ತಪ್ಪೇನೂ ಅಲ್ಲ. ಮೇಲಿನ ಮಹಡಿಯಲ್ಲಿ ಗಂಡಸರ ವಾರ್ಡು, ಹನ್ನೆರಡು ಹಾಸಿಗೆ. ಹೃದಯದ ತೊಂದರೆಯಾಗಿ ಐಸಿಯುನಲ್ಲಿ ನಾಲ್ಕು ದಿನ ಇದ್ದು, ಸ್ವಲ್ಪ ಸುಧಾರಿಸಿಕೊಂಡವರನ್ನು ಅಲ್ಲಿಗೆ ಕಳಿಸುತ್ತಾರೆ. ಪ್ರತಿಯೊಬ್ಬರ ಎದೆಗೂ ಐದು ಸ್ಟಿಕ್ಕರು, ಸ್ಟಿಕ್ಕರಿಗೆ ಲೀಡ್ ಎನ್ನುವ ತಂತಿ, ತಂತಿಗಳೆಲ್ಲ ಹೋಗಿ ಸೇರುವುದು ಕುತ್ತಿಗೆಗೆ ನೇತುಹಾಕಿದ ಬಟ್ಟೆ ಚೀಲದೊಳಗಿನ ಒಂದು ಸಣ್ಣ ಪೆಟ್ಟಿಗೆಗೆ. ಪೆಟ್ಟಿಗೆಯ ಮೇಲೆ ಹಾಸಿಗೆಯ ನಂಬರು. ಅವರು ನಡೆದಾಡಲಿ, ಮಲಗಲಿ, ಅವರ ಎದೆಬಡಿತ ಕೆಳಗಿನ ನಮ್ಮ ಕೋಣೆಯ ಸ್ಕ್ರೀನಿನ ಮೇಲೆ ಹಸಿರು ಗೆರೆಯಾಗಿ ಹರಿಯುತ್ತದೆ. ಹನ್ನೆರಡು ಗೆರೆ. ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆ ಅದು. ಅಲ್ಲಿ ಕೂತು ಗೆರೆಗಳನ್ನು ನೋಡುವುದು, ಅಲಾರಂ ಹೊಡೆದರೆ ವಾರ್ಡಿನ ಸಿಸ್ಟರಿಗೆ ಫೋನ್ ಮಾಡುವುದು, ರಿಜಿಸ್ಟರಿನಲ್ಲಿ ಬರೆಯುವುದು. ಇಷ್ಟೇ ಕೆಲಸ.

ಮೇದಪ್ಪಣ್ಣ ಆ ಪೆಟ್ಟಿಗೆಯನ್ನು ತಾಯತ ಎನ್ನುತ್ತಿದ್ದರು. "ತಾಯತ ಕಟ್ಟಿದ ಮೇಲೆ ಎಂತ ಹೆದರಿಕೆ ಮಾರಾಯ್ರೆ, ಕೆಳಗೆ ನಾನಿಲ್ವಾ?" ಎಂದು ಹೊಸ ರೋಗಿಗಳಿಗೆ ಧೈರ್ಯ ಹೇಳುತ್ತಿದ್ದರು. ನನಗೆ ಅವರಿಟ್ಟ ಹೆಸರು ಗೂಡೆ. ಅವರ ಅರೆಭಾಷೆಯಲ್ಲಿ ಗೂಡೆ ಎಂದರೆ ಹುಡುಗಿ. ನನಗೆ ಇಪ್ಪತ್ತೇಳು ಆಗಿತ್ತು. ಮೊದಲ ವಾರ ಕಸಿವಿಸಿಯಾಗಿರಬೇಕು, ಡೈರಿಯಲ್ಲಿ ಹಾಗೆ ಬರೆದಿದ್ದೇನೆ.

ಅವರ ತಂದೆ ಕೇರಳದ ಗಡಿಯಲ್ಲಿ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದವರು. ಕಾಡಿನ ನಡುವೆ ರಸ್ತೆ, ರಸ್ತೆಗೆ ಅಡ್ಡ ಒಂದು ಕಂಬ, ಪಕ್ಕದಲ್ಲಿ ಒಂದು ವಸತಿ. ಆಟಕ್ಕೆ ಜೊತೆ ಯಾರೂ ಇಲ್ಲದೆ ಮೇದಪ್ಪಣ್ಣ ಬಾಲ್ಯವಿಡೀ ವಾಹನ ಎಣಿಸಿಕೊಂಡು ಬೆಳೆದರಂತೆ. ತಿರುವಿನಾಚೆ ಸದ್ದು ಕೇಳಿದ ಕೂಡಲೇ ಮರದ ಲಾರಿಯೋ ಮೀನಿನ ಗಾಡಿಯೋ ಹೇಳಿಬಿಡುತ್ತಿದ್ದರಂತೆ. ಇಸಿಜಿ ತೆಗೆಯುವುದನ್ನು ಕಲಿತು ಆಸ್ಪತ್ರೆ ಸೇರಿದ ಮೇಲೂ ಅವರು ಆ ಗೇಟು ಬಿಟ್ಟು ಹೋಗಲಿಲ್ಲ. ಸ್ಕ್ರೀನಿನ ಮೇಲೆ ಹರಿಯುವುದೆಲ್ಲ ಅವರಿಗೆ ವಾಹನವೇ. ಸರಿಯಾದ ಬಡಿತ ಕಾರು. ನಡುವೆ ಅಗಲವಾಗಿ ಬಂದು ಬೀಳುವ ತಪ್ಪು ಬಡಿತ ಲಾರಿ. "ಐದನೇ ಬೆಡ್ಡಲ್ಲಿ ಬೆಳಿಗ್ಗೆಯಿಂದ ಲಾರಿ ಜಾಸ್ತಿ" ಎಂದು ಅವರು ಡಾಕ್ಟರರಿಗೇ ಹೇಳಿದ್ದನ್ನು ಕೇಳಿದ್ದೇನೆ. ಡಾಕ್ಟರರು ನಗದೆ ಔಷಧಿ ಬದಲಿಸಿದರು.

ಸೇರಿದ ಎರಡನೇ ವಾರ ಹನ್ನೊಂದನೇ ಗೆರೆ ಇದ್ದಕ್ಕಿದ್ದಂತೆ ಕುದಿಯತೊಡಗಿತು. ಪುಸ್ತಕದಲ್ಲಿ ಓದಿದ್ದ ಅತಿ ಕೆಟ್ಟ ಚಿತ್ರ ಅದೇ ಎಂದು ನನಗೆ ಖಾತ್ರಿಯಾಯಿತು. ಫೋನ್ ಮಾಡುವುದೂ ಮರೆತು ಮೆಟ್ಟಿಲು ಹತ್ತಿ ಓಡಿದೆ. ಹನ್ನೊಂದರವರು ಬೇಸಿನ್ನಿನ ಎದುರು ನಿಂತು ಹಲ್ಲುಜ್ಜುತ್ತಿದ್ದರು. ಬಾಯಿ ತುಂಬ ನೊರೆ ಇಟ್ಟುಕೊಂಡೇ, "ಏನಮ್ಮಾ?" ಎಂದರು. ಕೆಳಗೆ ಬಂದರೆ ಮೇದಪ್ಪಣ್ಣ ಕುರ್ಚಿಯಲ್ಲಿ ಮೈ ಕುಲುಕಿಸಿ ನಗುತ್ತಿದ್ದರು.

"ಹಲ್ಲು ಉಜ್ಜಿದ್ದಕ್ಕೆ ಶಾಕ್ ಕೊಡ್ಲಿಕ್ಕೆ ಹೋದದ್ದಾ ಗೂಡೆ?"

"ನೋಡೋಕೆ ಅದೇ ಥರ ಇತ್ತಲ್ಲಣ್ಣ. ನೀವಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಓಡ್ತಿರ್ಲಿಲ್ಲ. ಓಡದಿದ್ರೆ ನಿನಗೆ ನೆನಪಿರ್ತಿರ್ಲಿಲ್ಲ. ಬಾ, ಕೂತುಕೋ. ಕಣ್ಣು ಮುಚ್ಚು. ಬೆರಳು ಕೇಳು."

ಅವರು ಮೇಜಿನ ಮೇಲೆ ತಟ್ಟಿದರು. ಮೊದಲು ವೇಗವಾಗಿ, ಆದರೆ ಎಡವಿ ಎಡವಿ. ಎರಡು ಒಟ್ಟಿಗೆ, ಒಂದು ತಡವಾಗಿ, ಮತ್ತೆ ಮೂರು ಒಂದರ ಮೇಲೊಂದು.

"ಇದು ಸಂತೆ ದಿನದ ಜೀಪು. ಒಂದು ನುಗ್ತದೆ, ಒಂದು ನಿಲ್ತದೆ, ಒಂದು ಜನ ಹತ್ತಿಸ್ತದೆ. ಸಾಲು ಅಂತ ಇಲ್ಲ. ಕೈ ಆಡಿಸಿದ್ರೆ, ಹಲ್ಲು ಉಜ್ಜಿದ್ರೆ, ಸ್ಟಿಕ್ಕರ್ ಬಿಟ್ಕೊಂಡ್ರೆ ಬರೋದು ಇದು. ಇದಕ್ಕೆ ಓಡ್ಬೇಡ. ಈಗ ಕೇಳು."

ಮತ್ತೆ ತಟ್ಟಿದರು. ಅಷ್ಟೇ ವೇಗ. ಆದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅಳೆದಿಟ್ಟ ಹಾಗೆ ಒಂದೇ ದೂರ.

"ಇದು ಮಿಲಿಟರಿ ಲಾರಿ. ಒಂದರ ಹಿಂದೆ ಒಂದು, ಮಧ್ಯದಲ್ಲಿ ಅಷ್ಟೇ ಜಾಗ. ಗೇಟು ಹಾಕಿದ್ರೂ ನಿಲ್ಲೋದಿಲ್ಲ. ಇದು ಬಂದ್ರೆ ಯಾರ ಮಾತೂ ಕೇಳ್ಬೇಡ. ಸಿಸ್ಟರ್ ಇಲ್ಲ ಅಂದ್ರೂ ಕೇಳ್ಬೇಡ. ಓಡು."

ಎಂ.ಎಸ್ಸಿ.ಯಲ್ಲಿ ನನಗೆ ಅಲೆಗಳ ಬಗ್ಗೆ ಬಹಳ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಿ ಕಲಿತದ್ದು ಇದೊಂದೇ.

ಮುಖಗಳ ವಿಷಯದಲ್ಲಿ ಮಾತ್ರ ಮೇದಪ್ಪಣ್ಣ ತೀರಾ ದಡ್ಡರು. ಒಮ್ಮೆ ಮಾರ್ಕೆಟ್ಟಿನಲ್ಲಿ ಅವರ ಜೊತೆ ಹೋಗುತ್ತಿದ್ದಾಗ ಒಬ್ಬರು ತಡೆದು ನಿಲ್ಲಿಸಿ, ಕೈ ಹಿಡಿದುಕೊಂಡು, "ಸಾರ್, ನಿಮ್ಮಿಂದ ನಾನು ಉಳಿದೆ" ಎಂದರು. ಮೇದಪ್ಪಣ್ಣ ಅವರ ಮುಖವನ್ನು ಬಸ್ಸಿನ ಬೋರ್ಡು ಓದುವವರ ಹಾಗೆ ನೋಡಿದರು.

"ಯಾವ ಬೆಡ್ಡು?"

"ಎಂಟು ಸಾರ್. ಗಣಪತಿ ಹಬ್ಬದ ಸಮಯ."

"ಓಹೋ! ಮೂರು ಕಾರಿಗೆ ಒಂದು ಲಾರಿ!" ಮೇದಪ್ಪಣ್ಣನ ಮುಖ ಅರಳಿತು. "ಹೇಗುಂಟು ಈಗ ಲಾರಿ?"

"ನಂದು ಲಾರಿ ಇಲ್ಲ ಸಾರ್. ಆಟೋ ಇರೋದು" ಎಂದರು ಪಾಪ ಅವರು. ನಾನು ಮೂಲಂಗಿಯ ರಾಶಿಯ ಕಡೆ ತಿರುಗಿ ನಿಂತು ನಕ್ಕೆ.

ತಮ್ಮ ಈ ದೌರ್ಬಲ್ಯ ಅವರಿಗೆ ಗೊತ್ತಿತ್ತು. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟದ ನಂತರ ಒಮ್ಮೆ, ಸಂಜೆ ರೋಗಿಗಳನ್ನು ನೋಡಲು ಬಂದವರೆಲ್ಲ ಹೋದ ಮೇಲೆ ಒಮ್ಮೆ, ವಾರ್ಡಿಗೆ ಹೋಗಿ ಶಾಲೆಯ ಮೇಷ್ಟ್ರ ಹಾಗೆ ಹಾಜರಿ ಕರೆಯುತ್ತಿದ್ದರು. ಹಾಸಿಗೆಯ ನಂಬರು ಕೂಗಿದರೆ ರೋಗಿ ತನ್ನ ಹೆಸರು ಹೇಳಬೇಕು. ಮೇದಪ್ಪಣ್ಣ ಅವರ ತಾಯತದ ನಂಬರು ತಿರುಗಿಸಿ ನೋಡಬೇಕು. ಆಸ್ಪತ್ರೆಯ ನಿಯಮದಲ್ಲಿ ಇದು ಎಲ್ಲೂ ಇರಲಿಲ್ಲ. ಎದೆಯೊಳಗೆ ಸ್ಪ್ರಿಂಗ್ ಹಾಕಿಸಿಕೊಂಡ ಅರವತ್ತರ ಗಂಡಸರು ಈ ಆಟಕ್ಕೆ ಕಾದಿರುತ್ತಿದ್ದರು. ನಾಲ್ಕನೇ ಹಾಸಿಗೆಗೆ ಸಿದ್ದಾಪುರದ ಎಸ್ಟೇಟ್ ಲೈನಿನಿಂದ ಮುರುಗನ್ ಎಂಬ ವಯಸ್ಸಾದವರು ಬಂದಾಗ, ಹಾಜರಿಗೆ ಅವರು ಹಾಸಿಗೆಯ ಮೇಲೆ ನೆಟ್ಟಗೆ ಕೂತು, ಕೈ ಎತ್ತಿ, ಹೆಸರಿನ ಜೊತೆ ತಮಿಳಿನಲ್ಲಿ "ಉಳ್ಳೇನ್ ಐಯಾ!" ಎಂದು ಕೂಗುತ್ತಿದ್ದರು. ಇದ್ದೇನೆ ಸ್ವಾಮಿ ಎಂದು. ಮಾರನೇ ದಿನದಿಂದ ಇಡೀ ವಾರ್ಡು ಉಳ್ಳೇನ್ ಐಯಾ ಎನ್ನತೊಡಗಿತು. ಕೊಡವರು, ಗೌಡರು, ಬ್ಯಾರಿಗಳು, ಎಲ್ಲರೂ.

ಫೋನಿಗೂ ಅವರದೇ ಕಟ್ಟಳೆ ಇತ್ತು. ಅಲಾರಂ ಹೊಡೆದರೆ ಸಿಸ್ಟರಿಗೆ ನಂಬರು ಹೇಳಿ ಸುಮ್ಮನಾಗುವಂತಿಲ್ಲ. ರೋಗಿಯ ಬಾಯಲ್ಲಿ ಹೆಸರು ಹೇಳಿಸಿ, ಅದನ್ನು ಫೋನಿನಲ್ಲಿ ನಾವು ಕೇಳಬೇಕು. ಆಮೇಲಷ್ಟೇ ಅಲಾರಂ ನಿಲ್ಲಿಸುವ ಹಳದಿ ಬಟನ್ ಮುಟ್ಟಬೇಕು. "ನಂಬರಿಗೆ ಎದೆ ಇಲ್ಲ ಗೂಡೆ. ಹೆಸರು ಕೇಳು." ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹತ್ತು ಸಲ ಹೇಳಿದ್ದು ಕಿವಿಗೆ ಬೀಳುವುದು ನಿಂತುಹೋಗುತ್ತದೆ. ಅಲಾರಂ ಕೂಡ ಹಾಗೆಯೇ. ದಿನಕ್ಕೆ ನೂರು ಸಲ ಹೊಡೆಯುತ್ತದೆ, ತೊಂಬತ್ತೊಂಬತ್ತು ಸಲ ಸ್ಟಿಕ್ಕರು ಬಿಟ್ಟುಕೊಂಡದ್ದು.

ಆ ದಿನದ ಬಗ್ಗೆ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಆಮೇಲೆ.

ಮಧ್ಯಾಹ್ನದ ಹಾಜರಿ ಮುಗಿದಿತ್ತು. ನಾಲ್ಕು ಗಂಟೆಗೆ ನೋಡಲು ಬರುವವರನ್ನು ವಾರ್ಡಿಗೆ ಬಿಟ್ಟರು. ಮುರುಗನ್ ಅವರನ್ನು ನೋಡಲು ಯಾರೂ ಬರಲಿಲ್ಲ. ಏಳನೇ ಹಾಸಿಗೆ ಕಿಟಕಿಯ ಪಕ್ಕ, ಅಲ್ಲಿಂದ ರಸ್ತೆ ಕಾಣುತ್ತದೆ, ಸಿದ್ದಾಪುರದ ಬಸ್ಸು ಇಳಿದುಹೋಗುವುದು ಕಾಣುತ್ತದೆ. ಏಳರಲ್ಲಿ ವಿರಾಜಪೇಟೆಯ ಬಟ್ಟೆ ಅಂಗಡಿಯವರೊಬ್ಬರು ಇದ್ದರು. ಆ ಜಾಗ ಕೊಡುತ್ತೀರಾ ಎಂದು ಮುರುಗನ್ ಅಂಗಡಿಯವರನ್ನು ಕೇಳಿದರು, ಅವರು ಒಪ್ಪಿದರು. ಇಬ್ಬರೂ ಹಾಸಿಗೆ ಬದಲಾಯಿಸಿಕೊಂಡರು. ತಂತಮ್ಮ ತಾಯತ ತಂತಮ್ಮ ಕುತ್ತಿಗೆಯಲ್ಲೇ. ಸಿಸ್ಟರಿಗೆ ಯಾರೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ, ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟ ಹಾಗೆ.

ಸ್ವಲ್ಪ ಹೊತ್ತಿಗೆ ನಮ್ಮ ಕೋಣೆಯಲ್ಲಿ ನಾಲ್ಕನೇ ಗೆರೆಯ ಅಲಾರಂ ಹೊಡೆಯಿತು. ವಾರ್ಡಿಗೆ ಫೋನ್ ಹೋಯಿತು. ಫೋನ್ ಎತ್ತಿದ್ದು ಶೈಲಾ ಸಿಸ್ಟರ್. ಬೇರೆ ವಾರ್ಡಿನಿಂದ ಅಂದಷ್ಟೇ ಬದಲಿಗೆ ಬಂದವರು, ರೋಗಿಗಳ ಮುಖ ಪರಿಚಯವಿಲ್ಲ. ನಾಲ್ಕನೇ ಹಾಸಿಗೆಗೆ ಹೋಗಿ ನೋಡಿದರು. ಅಲ್ಲಿ ಬಟ್ಟೆ ಅಂಗಡಿಯವರು ಕೂತು ಕಿತ್ತಳೆ ಸುಲಿಯುತ್ತಿದ್ದರು.

"ನಾಲ್ಕು ಚೆನ್ನಾಗಿ ಉಂಟು. ಆರೆಂಜ್ ತಿಂತಾ ಉಂಟು. ಕೈ ಆಡಿಸಿದ್ದು ಅದು, ಲೀಡ್ ಲೂಸ್" ಎಂದರು.

ಹಳದಿ ಬಟನ್ ಒತ್ತಲಾಯಿತು. ಅಲಾರಂ ಮತ್ತೆ ಹೊಡೆಯಿತು. ಮತ್ತೆ ಒತ್ತಲಾಯಿತು.

ಮುರುಗನ್ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಆರನೆಯವರನ್ನು ನೋಡಲು ಬಂದಿದ್ದ ಹೆಂಗಸೊಬ್ಬರು ಅವರ ಕೈ ಜೋತುಬಿದ್ದದ್ದನ್ನು ಕಂಡು ಕಿರುಚಿದರು. ಡಾಕ್ಟರರು ಬಂದರು. ಎಲ್ಲ ಮಾಡಿದರು. ಆಗಲಿಲ್ಲ.

ಇವು ಗೊತ್ತಿರುವ ವಿಷಯಗಳು. ಇನ್ನು ನೆನಪು.

ನನ್ನ ನೆನಪಿನಲ್ಲಿ ಮೇದಪ್ಪಣ್ಣ ಆಗ ಕೋಣೆಯಲ್ಲಿಲ್ಲ. ಅವರು ದಿನಾ ಆ ಹೊತ್ತಿಗೆ ಹತ್ತು ನಿಮಿಷ ಆಸ್ಪತ್ರೆಯ ಹಿಂದಿನ ಗೇಟಿನ ಬಳಿ ಹೋಗಿ ನಿಂತು ರಸ್ತೆಯಲ್ಲಿ ಹೋಗುವ ವಾಹನ ನೋಡಿ ಬರುತ್ತಿದ್ದರು. ಕಣ್ಣಿಗೆ ವಿಶ್ರಾಂತಿ ಎನ್ನುತ್ತಿದ್ದರು. "ಹೋಗಿ ಬನ್ನಿ ಅಣ್ಣ, ನಾನಿದೀನಲ್ಲ" ಎಂದು ನಾನೇ ಹೇಳಿದ್ದು ನೆನಪಿದೆ. ಫೋನ್ ನನ್ನ ಕಿವಿಯಲ್ಲಿದ್ದದ್ದು ನೆನಪಿದೆ. ನಾನು ಹೆಸರು ಕೇಳಲಿಲ್ಲ. ಹಳದಿ ಬಟನ್ನಿನ ಮೇಲೆ ನನ್ನ ಬೆರಳು ಇದ್ದದ್ದೂ ನೆನಪಿದೆ. ಆದರೆ ಆ ಬಟನ್ನನ್ನು ನಾನು ಸಾವಿರ ಸಲ ಒತ್ತಿದ್ದೇನೆ. ಆ ಸಾವಿರದಲ್ಲಿ ಇದು ಯಾವುದು ಎಂದು ಹೇಗೆ ಹೇಳುವುದು?

ಮೇದಪ್ಪಣ್ಣ ಬಾಗಿಲು ತಳ್ಳಿಕೊಂಡು ಬಂದು, "ಎಂಥ ಆತ್ ಗೂಡೆ?" ಎಂದರು. ಗಾಬರಿಯಾದರೆ ಅವರ ಬಾಯಿಗೆ ಅರೆಭಾಷೆ ಬರುತ್ತಿತ್ತು. ಅಷ್ಟರಲ್ಲಿ ಗೆರೆ ಕೆದರಿ ಬರೀ ನಡುಕವಾಗಿತ್ತು. "ಹೆಸರು ಕೇಳಿದ್ಯಾ?" ಎಂದರು. ಮೇಲೆ ಕಿರುಚಾಟ ಕೇಳಿಸಿತು. ಅವರು ಓಡಿದರು. ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದವರ ಕುತ್ತಿಗೆಯ ತಾಯತ ತಿರುಗಿಸಿ ನಾಲ್ಕು ಎಂದು ಓದಿದವರು ಅವರೇ. ಬಟ್ಟೆ ಅಂಗಡಿಯವರು ಕಿತ್ತಳೆ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡು ನಿಂತು, "ಬಸ್ ಕಾಣ್ತದೆ ಅಂತ ಕೇಳಿದ್ರು ಸಾರ್, ಕೊಟ್ಟೆ. ತಪ್ಪಾಯ್ತಾ?" ಎನ್ನುತ್ತಿದ್ದರಂತೆ. ಇದು ನಾನು ಕಂಡದ್ದಲ್ಲ, ಆಮೇಲೆ ಕೇಳಿದ್ದು.

ಎರಡು ದಿನದ ನಂತರ ವಿಚಾರಣೆ. ಆಡಳಿತಾಧಿಕಾರಿ, ಇಬ್ಬರು ಡಾಕ್ಟರರು, ಒಂದು ಉದ್ದದ ಮೇಜು. ನಾನು ಬಾಯಿ ತೆರೆಯುವ ಮೊದಲೇ ಮೇದಪ್ಪಣ್ಣ ಎದ್ದು ನಿಂತರು.

"ಕುರ್ಚಿಯಲ್ಲಿ ನಾನೇ ಇದ್ದದ್ದು ಸಾರ್. ಫೋನ್ ಈ ಗೂಡೆ ಹತ್ರ ಮಾಡಿಸಿದೆ. ಹೆಸರು ಕೇಳು ಅಂತ ಹೇಳ್ಲಿಕ್ಕೆ ಮರೆತೆ. ಬಟನ್ ಒತ್ತಿದ್ದು ನಾನು."

ಆಡಳಿತಾಧಿಕಾರಿ ನನ್ನ ಕಡೆ ತಿರುಗಿ, "ಹೌದೇನಮ್ಮ?" ಎಂದರು.

ನಾನು ತಲೆ ಆಡಿಸಿದೆ. ಮೇಲೆ ಕೆಳಗೆ.

ಅದಕ್ಕೆ ಯಾರೂ ಇನ್ನೇನೂ ಕೇಳಲಿಲ್ಲ. ಒಪ್ಪಿಕೊಂಡವರಿಗೆ ಸಾಕ್ಷಿ ತೋರಿಸುವ ಅಗತ್ಯ ಬೀಳಲಿಲ್ಲ. ಆ ನಾಲ್ಕನೇ ಗೆರೆಯ ಮುದ್ರಿತ ಕಾಗದ ಒಂದು ಫೈಲಿನೊಳಗೆ ಇತ್ತು, ಫೈಲನ್ನು ನಮ್ಮಿಬ್ಬರ ಮುಂದೆ ಬಿಚ್ಚಲಿಲ್ಲ. ನನಗೆ ಆಗ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇದಪ್ಪಣ್ಣನ ನಿವೃತ್ತಿಗೆ ಎಂಟು ತಿಂಗಳಿತ್ತು. ಅವರನ್ನು ಆ ಕೋಣೆಯಿಂದ ತೆಗೆದು ಕೆಳಗೆ ಹಳೇ ಫೈಲು ಜೋಡಿಸುವ ಕಡೆ ಹಾಕಿದರು. ಒಂದು ವಾರ ಅಲ್ಲಿ ಕೂತು, ರಾಜೀನಾಮೆ ಕಾಗದ ಕೊಟ್ಟು ಮನೆಗೆ ಹೋದರು. ಹೋಗುವ ದಿನ ಬಂದು ಬಾಗಿಲಲ್ಲೇ ನಿಂತು, "ಹಾಜರಿ ಬಿಡ್ಬೇಡ" ಎಂದಷ್ಟೇ ಹೇಳಿದರು. ಸ್ಕ್ರೀನಿನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಿರಲಿಕ್ಕಿಲ್ಲ.

ನಾನು ಡೈರಿ ಬರೆಯುವವಳು. ಹದಿನೆಂಟನೆಯ ವಯಸ್ಸಿನಿಂದ ಬರೆಯುತ್ತಿದ್ದೇನೆ. ಮುರುಗನ್ ಸತ್ತ ದಿನದ ಪುಟ ಈಗ ನನ್ನ ಮುಂದಿದೆ. "ನಾಲ್ಕನೇ ಬೆಡ್ಡಿನ ಮುರುಗನ್ ತೀರಿಕೊಂಡರು. ಮೇದಪ್ಪಣ್ಣ ಕುರ್ಚಿಯಲ್ಲಿದ್ದರು. ಫೋನ್ ನಾನು ಮಾಡಿದೆ. ಚಳಿ ಇತ್ತು." ಇಷ್ಟೇ ಇದೆ.

ಅಂದರೆ ಮೇದಪ್ಪಣ್ಣ ಹೇಳಿದ್ದೇ ನಿಜ, ನನ್ನ ನೆನಪೇ ಸುಳ್ಳು. ಅಪರಾಧಿ ಭಾವದಿಂದ ಆಮೇಲೆ ಕಟ್ಟಿಕೊಂಡದ್ದು. ಎಷ್ಟೋ ತಿಂಗಳು ಹೀಗೆ ನಂಬಿದೆ. ನಂಬಿಕೆ ಅನ್ನುವಷ್ಟು ಗಟ್ಟಿಯಾದದ್ದೇನೂ ಅಲ್ಲ, ಅದರ ಬಗ್ಗೆ ಯೋಚಿಸುವುದನ್ನು ಬಿಟ್ಟೆ. ಆದರೆ ಆ ಪುಟವನ್ನು ಬೇರೆ ಪುಟಗಳ ಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಂಡಿತು. ನನ್ನ ಪುಟಗಳಲ್ಲಿ ಕಾಟು ಜಾಸ್ತಿ. ಬರೆದು ಹೊಡೆದು ಮತ್ತೆ ಬರೆಯುತ್ತೇನೆ. ಈ ಪುಟದಲ್ಲಿ ಒಂದೂ ಕಾಟಿಲ್ಲ. ಅಕ್ಷರ ದುಂಡಗೆ, ಪರೀಕ್ಷೆಯ ಉತ್ತರದ ಹಾಗೆ. ಇದನ್ನು ಅಂದೇ ಬರೆದೆನೋ, ವಿಚಾರಣೆ ಮುಗಿದ ಮೇಲೆ ಹಿಂದಿನ ದಿನಾಂಕ ಹಾಕಿ ಬರೆದೆನೋ? ಯಾರಾದರೂ ಓದುತ್ತಾರೆ ಎಂದು ಹೆದರಿ ಬರೆದೆನೋ? ನನ್ನ ಕೈಬರಹ ನನಗೇ ಸಾಕ್ಷಿ ಹೇಳುತ್ತಿಲ್ಲ.

ಕೆಲಸ ಕಾಯಂ ಆಯಿತು. ಮೇದಪ್ಪಣ್ಣನ ಕುರ್ಚಿ ನನಗೆ ಬಂತು. ದಿನಕ್ಕೆ ಮೂರು ಸಲ ಹಾಜರಿ ಕರೆಯುತ್ತೇನೆ. ಉಳ್ಳೇನ್ ಐಯಾ ಎನ್ನುವವರು ಯಾರೂ ಉಳಿದಿಲ್ಲ. ಹೊಸಬರು ಹೆಸರು ಹೇಳುತ್ತಾರೆ, ನಾನು ನಂಬರು ನೋಡುತ್ತೇನೆ. ಮುರುಗನ್ ನೆನಪಾದರೆ ಅಳು ಬರಬೇಕು ಎಂದು ಕಾದೆ. ಬರಲಿಲ್ಲ. ಹನ್ನೆರಡು ಗೆರೆ ನೋಡುತ್ತ ಕೂತವಳಿಗೆ ತನ್ನದು ಹದಿಮೂರನೆಯದು ಎಲ್ಲೋ ಹರಿಯುತ್ತಿದೆ ಎನ್ನುವುದು ಮರೆತುಹೋಗುತ್ತದೆ.

ಎರಡು ವರ್ಷದ ನಂತರ, ಈ ವರ್ಷದ ಆರಂಭದಲ್ಲಿ, ಮೇದಪ್ಪಣ್ಣನಿಗೆ ಹುಷಾರಿಲ್ಲ ಎಂದು ಗೊತ್ತಾಗಿ ನೋಡಲು ಹೋದೆ. ಹುಷಾರಿಲ್ಲ ಎಂಬುದು ನೆಪ. ಅವರಲ್ಲಿ ಒಂದು ಮಾತು ಕೇಳಬೇಕಿತ್ತು. ಅಣ್ಣ, ಆವತ್ತು ಕುರ್ಚಿಯಲ್ಲಿ ಇದ್ದವರು ಯಾರು? ಬಸ್ಸಿನಲ್ಲಿ ಅದನ್ನೇ ಜೋಡಿಸಿಕೊಂಡು ಹೋದೆ. ವಿರಾಜಪೇಟೆಯಿಂದ ಮಾಕುಟ್ಟದ ಕಡೆ ಹೋಗುವ ರಸ್ತೆಯ ಬದಿಯಲ್ಲೇ ಅವರ ಮನೆ. ಜಗಲಿಯಲ್ಲಿ ಕುರ್ಚಿ, ಕುರ್ಚಿಯ ಎದುರು ರಸ್ತೆ. ಬಹಳ ಇಳಿದುಹೋಗಿದ್ದರು. ನನ್ನ ಮುಖ ನೋಡಿ ಗುರುತು ಹತ್ತದೆ ಒಂದು ಕ್ಷಣ ತಡವರಿಸಿದರು.

"ಹಾರಂಗಿ ಗೂಡೆ ಅಣ್ಣ" ಎಂದೆ.

"ಓ! ಕಮಲಾ, ಗೂಡೆ ಬಂದುಟ್ಟು ನೋಡ್!" ಎಂದು ಒಳಗೆ ಕೂಗಿದರು.

ಅವರ ಹೆಂಡತಿ ಕಮಲಕ್ಕ ಬೆಲ್ಲದ ಕಾಫಿ ತಂದರು. "ದಿನಾ ಇಲ್ಲೇ ಕೂತು ಗಾಡಿ ಎಣಿಸೋದು. ಎಣಿಸಿ ಯಾರಿಗೆ ಕೊಡ್ಬೇಕೋ ಏನೋ" ಎಂದರು.

"ನಿಂಗೆ ಕೊಡ್ತೇನೆ. ಇಟ್ಕೋ" ಎಂದರು ಮೇದಪ್ಪಣ್ಣ. ಕಮಲಕ್ಕ ನಗುತ್ತ ಒಳಗೆ ಹೋದರು. ಲೋಟದ ಅಂಚಿನ ಮೇಲೆ ಅವರ ಬೆರಳು ತಟ್ಟುತ್ತಿತ್ತು. ನಿಧಾನವಾಗಿ, ನಡುನಡುವೆ ಜಾರಿ.

"ಯಾರದ್ದಣ್ಣ?"

"ನಂದೇ. ಚೆನ್ನಾಗಿಲ್ಲ." ಬೇರೆಯವರ ಗೆರೆಯ ಬಗ್ಗೆ ಹೇಳುವ ಹಾಗೆಯೇ ಹೇಳಿದರು.

ನಾನು ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರುವ ಮೊದಲೇ ಅವರು ಕೇಳಿದರು.

"ಗೂಡೆ, ಎರಡು ವರ್ಷದಿಂದ ಒಂದು ಕೇಳ್ಬೇಕು ಅಂತ ಉಂಟು. ಆವತ್ತು ನಾನು ಬರುವಾಗ ಗೆರೆ ಕೆಟ್ಟಾಗಿತ್ತಲ್ವ. ಅದಕ್ಕೆ ಮೊದಲು ಹೇಗಿತ್ತು? ನಾನು ನೋಡಿಲ್ಲ ಅಲ್ವ."

ನಾನು ನೋಡಿಲ್ಲ ಅಲ್ವ. ಅಷ್ಟು ಸಲೀಸಾಗಿ ಹೇಳಿಬಿಟ್ಟರು. ನನ್ನ ಪ್ರಶ್ನೆಗೆ ಉತ್ತರ ಬಂದಿತ್ತು. ನನ್ನೊಳಗೆ ಏನಾದರೂ ಕುಸಿಯುತ್ತದೆ ಎಂದುಕೊಂಡೆ. ಕಾಫಿ ಲೋಟ ಬಿಸಿ ಇದ್ದದ್ದು ಗೊತ್ತಾಯಿತು, ಅಷ್ಟೇ.

"ಹೇಳೋಕೆ ಬರೋದಿಲ್ಲ ಅಣ್ಣ."

"ಹೇಳ್ಬೇಡ. ತಟ್ಟು."

ಅವರು ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದರು. ಬಲಗೈಯನ್ನು ಕುರ್ಚಿಯ ಕೈ ಮೇಲೆ ಅಂಗಾತ ಇಟ್ಟರು. ಆಗ ನೋಡಿದೆ, ಆ ತೋರುಬೆರಳು ಸುಮ್ಮನಿತ್ತು. ಕಿವಿಯ ಹಾಗೆ ಕಾಯುತ್ತಿತ್ತು.

ನನಗೆ ನೆನಪಿಲ್ಲ ಎಂದುಕೊಂಡು ಬೆರಳನ್ನು ಜಗಲಿಯ ಕಟ್ಟೆಯ ಮೇಲಿಟ್ಟೆ. ಬೆರಳಿಗೆ ನೆನಪಿತ್ತು. ಅದು ತಟ್ಟತೊಡಗಿತು. ವೇಗವಾಗಿ. ಒಂದರ ಹಿಂದೆ ಒಂದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಷ್ಟೇ ಜಾಗ. ನಿಲ್ಲಿಸಬೇಕು ಎಂದುಕೊಂಡರೂ ಸ್ವಲ್ಪ ಹೊತ್ತು ನಿಲ್ಲಲಿಲ್ಲ. ನಾನು ಆ ಕುರ್ಚಿಯಲ್ಲಿ ಕೂತು ಅದನ್ನು ನೋಡಿದ್ದೆ. ಎಡವದ, ಜಾರದ, ಅಳೆದಿಟ್ಟಂಥ ಸಾಲು. ಕಿತ್ತಳೆ ಸುಲಿಯುವ ಕೈಯಿಂದ ಹಾಗೆ ಬರುವುದಿಲ್ಲ ಎಂದು ಎರಡನೇ ವಾರದಲ್ಲೇ ಕಲಿತಿದ್ದೆ. ನೋಡಿಯೂ, ಆಚೆ ಕಡೆಯ ಒಂದು ಮಾತು ಕೇಳಿ, ಹಳದಿ ಬಟನ್ ಒತ್ತಿದ್ದೆ. ಎರಡು ಸಲ.

ಮೇದಪ್ಪಣ್ಣ ಕಣ್ಣು ತೆರೆಯಲಿಲ್ಲ. ರಸ್ತೆಯಲ್ಲಿ ಒಂದು ವಾಹನ ಹೋಯಿತು. ಅದೇನೆಂದು ಅವರು ಹೇಳಲಿಲ್ಲ. ಆಮೇಲೆ ಕೈ ಮಗುಚಿ, ಕುರ್ಚಿಯ ಮರದ ಮೇಲೆ ನಿಧಾನವಾಗಿ ತಟ್ಟಿದರು. ಎರಡು ಒಟ್ಟಿಗೆ. ಒಂದು ತಡವಾಗಿ. ಮತ್ತೆ ಮೂರು ಒಂದರ ಮೇಲೊಂದು.

"ಹೀಗಲ್ವ ನೀನು ತಟ್ಟಿದ್ದು?"

ನಾನು ಬೆರಳನ್ನು ಕಟ್ಟೆಯಿಂದ ತೆಗೆದೆ.

"ಸಂತೆ ದಿನದ ಜೀಪು" ಎಂದರು. "ನಾನು ಕೂತಿದ್ರೂ ಲೀಡ್ ಲೂಸ್ ಅಂತಲೇ ಒತ್ತುತ್ತಿದ್ದೆ. ಕಾಫಿ ಕುಡಿ, ತಣಿತದೆ."

ಒಬ್ಬರ ಬಡಿತವನ್ನೂ ಅವರ ಬೆರಳು ತಪ್ಪು ತಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕಾಫಿ ಕುಡಿದೆ. ಹೊರಡುವಾಗ ಅವರು, "ಹಾಜರಿ ಕರೀತಿದ್ದೀಯಲ್ಲ?" ಎಂದರು. "ಕರೀತೀನಿ ಅಣ್ಣ" ಎಂದೆ. ವಿಚಾರಣೆಯ ಕೋಣೆಯಲ್ಲಿ ಆಡಿಸಿದ ಹಾಗೆಯೇ ತಲೆ ಆಡಿಸಿದೆ. ಅದೇ ಕೊನೆಯ ಭೇಟಿ.

ಮಡಿಕೇರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಡೈರಿ ಚೀಲದಲ್ಲಿತ್ತು. ನೆನಪು ಅದನ್ನು ಮುಟ್ಟುವ ಮೊದಲೇ ಬರೆದುಬಿಡಬೇಕು ಎಂದು ತೊಡೆಯ ಮೇಲೆ ಇಟ್ಟುಕೊಂಡು ಬರೆದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಹೇಗೆಂದರೆ ಹಾಗೆ ಹೋಗಿದೆ, ಮೂರು ಕಡೆ ಕಾಟು ಹೊಡೆದಿದ್ದೇನೆ. ಓದಲು ಆಗುತ್ತದೆ. "ಮಿಲಿಟರಿ ಲಾರಿ. ಮೇದಪ್ಪಣ್ಣ ಕೋಣೆಯಲ್ಲಿರಲಿಲ್ಲ. ಕುರ್ಚಿಯಲ್ಲಿ ನಾನಿದ್ದೆ."